ಬಿಚ್ಚಿದ ಹೊಲಿಗೆ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವ ಪೈಕಿಯಲ್ಲ ನೀನು. ಭಾವನ ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಊಟ, ಮಾತ್ರೆ, ಟಿವಿ ಯಾವುದಕ್ಕೂ ಕೊರತೆಯಿಲ್ಲ. ಮಗಳು ಆಫೀಸಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾಳೆ, ಅಷ್ಟೇ. ನಮ್ಮವರು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ನಮ್ಮ ಹಳೇ ಟೈಲರ್ ಅಂಗಡಿಗೆ ಹೋಗಿಬಿಟ್ಟಿದ್ದೆನಲ್ಲ, ಅಂದಿನಿಂದ. ಅಂಗಡಿ ಮಾರಿದ್ದು ಮರೆತಿರಲಿಲ್ಲ ಅಕ್ಕಾ. ಅವರು ಕತ್ತರಿಸಿ ನಾನು ಹೊಲಿದ ಜಾಗ. ಕಾಲು ತಾನಾಗಿ ನಡೆಯಿತು. ಈಗ ಅಲ್ಲಿ ಮೊಬೈಲು ಮಾರುತ್ತಾರೆ. ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದೆ. ಅಂಗಡಿಯವನು ಮಗಳಿಗೆ ಫೋನ್ ಮಾಡಿದ. "ನಿನಗೇನಾದರೂ ಆದರೆ ನಾನೇನು ಮಾಡಲಮ್ಮಾ?" ಎಂದು ಅವಳು ನನ್ನನ್ನು ಮನೆಗೆ ಕರೆತರುವ ದಾರಿಯುದ್ದಕ್ಕೂ ಅತ್ತಳು. ಆ ಅಳು ನೋಡಿದ ಮೇಲೆ ಬೀಗದ ಬಗ್ಗೆ ಬಾಯಿ ಬಿಡಲು ನನ್ನಿಂದಾಗಲಿಲ್ಲ.

ಆಮೇಲೆ ಹೊಲಿಗೆ ಮೆಷಿನ್ನನ್ನು ಕಿಟಕಿ ಪಕ್ಕ ಹಾಕಿಸಿಕೊಟ್ಟಳು. ಒಂದು ರಾಶಿ ದಿಂಬಿನ ಗೌಸು ತಂದಳು. "ಆಫೀಸಿನವರದ್ದು ಅಮ್ಮಾ, ಅಂಚು ಬಿಟ್ಟಿವೆ, ಅರ್ಜೆಂಟು." ಆ ಅರ್ಜೆಂಟು ಎಂಬ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ತಿಂಡಿಯನ್ನು ಗಬಗಬ ನುಂಗಿ ಕೂತೆ. ನಮ್ಮವರಿದ್ದಿದ್ದರೆ "ಏನಮ್ಮಣ್ಣಿ, ಗಿರಾಕಿ ಬಾಗಿಲಲ್ಲೇ ನಿಂತಿದ್ದಾರಾ?" ಎಂದು ಕಿಚಾಯಿಸುತ್ತಿದ್ದರು. ಹೊಲಿದು ಮಡಚಿಟ್ಟರೆ ಮಗಳು ಒಯ್ಯುತ್ತಾಳೆ, ಮತ್ತೊಂದು ರಾಶಿ ತರುತ್ತಾಳೆ. "ಎಲ್ಲರಿಗೂ ಇಷ್ಟವಾಯಿತಂತೆ" ಎನ್ನುತ್ತಾಳೆ. ಆ ಒಂದು ಮಾತಿನಿಂದ ನನಗೆ ನಿದ್ದೆ ಹತ್ತುತ್ತಿತ್ತು.

ನಿನ್ನೆ ಒಂದು ಗೌಸನ್ನು ಬೆಳಕಿಗೆ ಹಿಡಿದೆ. ಅಂಚಿನುದ್ದಕ್ಕೂ ಸೂಜಿಯ ಹಳೇ ತೂತುಗಳು. ಮೂಲೆಯಲ್ಲಿ, ನಮ್ಮವರು ನನಗೆ ಕಲಿಸಿದ ಅಡ್ಡಹೊಲಿಗೆಯ ಗುರುತು. ನನ್ನದೇ ಕೈ ಅಕ್ಕಾ. ಬಿಚ್ಚಿ ಮತ್ತೆ ನನಗೇ ಕೊಟ್ಟಿದ್ದಾಳೆ. ಉಳಿದವನ್ನೂ ನೋಡಿದೆ, ಎಲ್ಲವೂ ಹಾಗೆಯೇ. ಮೊನ್ನೆ ಹೆಬ್ಬೆರಳಿಗೆ ಪಟ್ಟಿ ಅಂಟಿಸಿಕೊಂಡಿದ್ದಳು. ತರಕಾರಿ ಹೆಚ್ಚುವಾಗ ತಾಗಿತು ಎಂದಿದ್ದಳು. ದುಡಿದು ಸುಸ್ತಾಗಿ ಬಂದು ನನ್ನ ಹೊಲಿಗೆ ಬಿಚ್ಚಲು ಬ್ಲೇಡು ಹಿಡಿದು ಕೂರುತ್ತಾಳಲ್ಲ, ಅವಳ ಮೇಲೆ ಹೇಗೆ ಸಿಟ್ಟು ಮಾಡಲಿ? ಇವತ್ತೂ ಹೊಲಿದೆ. ಹೊಲಿಯದಿದ್ದರೆ ನನಗೆ ತಿಳಿದುಹೋಗಿದೆ ಎಂದು ಅವಳಿಗೆ ಗೊತ್ತಾಗುತ್ತದೆ. ಹೊಲಿಯುತ್ತಾ ಕೂತರೆ ರಾತ್ರಿ ಅವಳು ಇದನ್ನೇ ಬಿಚ್ಚುತ್ತಾಳೆಂಬುದೇ ಕಣ್ಣ ಮುಂದೆ.

ಈ ಕಾಗದವನ್ನು ಬಾಗಿಲ ಸಂದಿಯಿಂದ ತಳ್ಳುತ್ತೇನೆ. ಎದುರುಮನೆ ನರ್ಸಮ್ಮ ಅಂಚೆಗೆ ಹಾಕುತ್ತೇನೆಂದಿದ್ದಾರೆ. ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಕ್ಕಳ ತಲೆಯನ್ನು ನನ್ನ ಪರವಾಗಿ ಒಮ್ಮೆ ಸವರು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ನಿಮ್ಮ ಮನೆಯಲ್ಲಿ ಹರಿದ ಬಟ್ಟೆ ಏನಿದ್ದರೂ ಕಳಿಸು. ಭಾವನ ಅಂಗಿಯ ಸವೆದ ಕಾಲರಾದರೂ ಸರಿ. ನಿಜವಾಗಿ ಹರಿದದ್ದೇ ಬೇಕು. ನೀನಾಗಿ ಹರಿದು ಕಳಿಸಬೇಡ ಅಕ್ಕಾ, ನನಗೆ ಗೊತ್ತಾಗಿಬಿಡುತ್ತದೆ.