ಬೀಗವಿಲ್ಲದ ಗುಡಿಸಲಿನ ಸೌದೆ

ಕಾಂಕ್ಲಿನ್, ಆಲ್ಬರ್ಟಾ

ಬರ್ನಿಸ್ ಅಕ್ಕನಿಗೆ,

ನನ್ನ ಕೈಬೆರಳುಗಳೆಲ್ಲ ಉಳಿಯುತ್ತವೆ. ಹೀಗೆಂದು ಹೇಳಿದವರು ನಮ್ಮ ಕ್ಯಾಂಪಿನ ನರ್ಸ್. ಅಮ್ಮನಿಗೂ ಹಾಗೇ ತಿಳಿಸು.

ಸೋಮವಾರ ಮಧ್ಯಾಹ್ನ, ಎಡ್ಮಂಟನ್ ಬಳಿಯ ಸಂಸ್ಕರಣಾ ಕೇಂದ್ರಕ್ಕೆ ಬಿಟುಮೆನ್ ಎಂಬ ಕಚ್ಚಾ ಡಾಂಬರೆಣ್ಣೆ ಒಯ್ಯುವ ಪೈಪ್‌ಲೈನ್ ನೋಡಿಕೊಂಡು ಬರುವಾಗ ನನ್ನ ಟ್ರಕ್ ಹಿಮದಲ್ಲಿ ಹೂತುಹೋಯಿತು. ರೇಡಿಯೋ ಕೆಟ್ಟಿತ್ತು. ಪೈಪಿಗಾಗಿ ಮರ ಕಡಿದ ಜಾಡು ಹಿಡಿದು ನಡೆದೆ. ಕೈ ಮರಗಟ್ಟಿದ ಹೊತ್ತಿಗೆ ಒಂದು ಗುಡಿಸಲು ಸಿಕ್ಕಿತು. ಬಾಗಿಲಿಗೆ ಬೀಗವಿರಲಿಲ್ಲ. ಒಲೆಯಲ್ಲಿ ಒಣ ಚಕ್ಕೆ ಜೋಡಿಸಿತ್ತು, ಪಕ್ಕದಲ್ಲಿ ಸೌದೆ, ಬೆಂಕಿಪೊಟ್ಟಣ. ಬೆರಳು ಮಡಚಲಾಗದೆ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಗೀರಿದೆ. ಮರುದಿನ ಹುಡುಕಿ ಬಂದ ಜೊತೆಗಾರರೊಂದಿಗೆ ಹಾಗೇ ಹೊರಟುಬಂದೆ.

ನಿನ್ನೆ ಆ ಗುಡಿಸಲಿನ ಯಜಮಾನಿ ಡೆಲ್ಫೀನ್ ಗ್ಲಾಡೂ ಎಂಬವರು ಕ್ಯಾಂಪಿಗೇ ಬಂದರು. ಕಾಡಿನಲ್ಲಿ ಪ್ರಾಣಿಗಳಿಗೆ ಉರುಳು ಒಡ್ಡಿ ಬದುಕುವ, ಇಲ್ಲಿನ ಮೂಲನಿವಾಸಿ ಕ್ರೀ ಜನರ ಅಜ್ಜಿ.

"ಜೀವ ಉಳಿಸಿದಿರಿ, ಅಜ್ಜಿ" ಎಂದೆ.

"ಉಳಿಸಿದ್ದು ನಿನಗಿಂತ ಮುಂಚೆ ಬಂದೋನು ಸೀಳಿಟ್ಟು ಹೋದ ಸೌದೆ ಕಣಪ್ಪ. ನೀನು ಒಲೆ ಖಾಲಿ ಬಿಟ್ಟು ಬಂದಿದೀಯಲ್ಲ, ಮಹರಾಯ! ನಿನ್ನ ಹಿಂದೆ ಬರೋನು ನಿಮ್ಮ ಪೈಪು ತಬ್ಕೊಂಡು ಮಲಗ್ಬೇಕಾ?"

ಕಟ್ಟು ಹಾಕಿದ ಕೈ ತೋರಿಸಿದೆ.

"ಸರಿ, ವಾಸಿ ಮಾಡ್ಕೊ. ಈ ಸಲಕ್ಕೆ ನಾನೇ ತುಂಬಿಟ್ಟಿದೀನಿ" ಎಂದು, ಒಣಗಿಸಿದ ಮೂಸ್ ಜಿಂಕೆಯ ಮಾಂಸದ ಪೊಟ್ಟಣವನ್ನು ಮಡಿಲಿಗೆ ಹಾಕಿ ಹೋದರು.

ನಮ್ಮ ಕಡೆಯ ಉಪ್ಪುಮೀನು ಒಂದು ಕಟ್ಟು ಕಳಿಸಕ್ಕ, ಅವರಿಗೆ ಕೊಡಬೇಕು. ಗುರುವಾರ ಕೈಯ ಬ್ಯಾಂಡೇಜು ಬಿಚ್ಚುತ್ತಾರೆ. ಮುಂದಿನ ತಿಂಗಳ ಮೊದಲ ಶನಿವಾರ ಆ ಗುಡಿಸಲಿಗೆ ಸೌದೆ ಸೀಳಲು ಹೋಗುತ್ತೇನೆ.

ಗಾರ್ಲ್ಯಾಂಡ್