ಹದ ಎಂಬ ತಿರುಪಿನ ವಿಷಯವಾಗಿ ಮೇದಿನಿ ಅಜ್ಜಿಗೆ

ಹೊನ್ನಾಳಿ, ಕ್ರಿ.ಶ. ೨೨೦೪, ಫೆಬ್ರವರಿ ೩೦

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯೂ, ಸದ್ಯಕ್ಕೆ ಇಪ್ಪತ್ನಾಲ್ಕರ ಅವಿವಾಹಿತೆಯೂ ಆದ ಮಹಾಮಾತೆ ಮೇದಿನಿಯವರ ಪಾದಗಳಿಗೆ ನೀಲಾಂಜಿಯ ಸಾಷ್ಟಾಂಗ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಕಾಲದವರು ಹೋರಾಡಿ ಅದಕ್ಕೆ ಎರಡು ದಿನ ಕೊಡಿಸಿದ್ದಾರೆ. ಅರ್ಥವಾಗದ ಪದ ಬಂದರೆ ಕ್ಷಮಿಸಿ. ನಿಮ್ಮ ‘ಅಪ್‌ಡೇಟ್’ ಎಂಬ ಪದದ ಮುಂದೆ ನಾವೂ ಹೀಗೇ ಕೂತು ತಲೆ ಕೆರೆದುಕೊಂಡಿದ್ದೇವೆ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಬುದ್ಧಿವಂತರು ಅದರಲ್ಲಿ ‘ಆ ಸೈಟು ಮಾರಬೇಡಿ’ ಎಂದು ಬರೆದು ಕಳಿಸುತ್ತಾರೆ. ನಾನು ನನ್ನದನ್ನು ಒಂದು ಗುಂಡಿಗಾಗಿ ಖರ್ಚು ಮಾಡುತ್ತಿದ್ದೇನೆ.

ಇಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ, ಅಷ್ಟು ಬಿಸಿಲು. ಇಡೀ ಊರು ಬಾಗಿಲು ಹಾಕಿಕೊಂಡು ಮಲಗಿರುತ್ತದೆ. ಬೀದಿಯ ಕಲ್ಲು ತಣ್ಣಗಾದ ಮೇಲೆ ಸಂಜೆಕರೆ ಕೇಳಿಸುತ್ತದೆ. ಇನ್ನು ಹೊರಗೆ ಬರಬಹುದು ಎಂದು ಊರನ್ನು ಎಬ್ಬಿಸುವ ಸದ್ದು ಅದು, ದಿನಕ್ಕೊಂದು ಹೊಸದು. ಒಮ್ಮೆ ಕಾದ ಇಟ್ಟಿಗೆಯ ಮೇಲೆ ನೀರು ಸುರಿದ ಸದ್ದಿಗೆ ಒಂದೆಳೆ ಕೊಳಲು, ಇನ್ನೊಮ್ಮೆ ತುಂಗಭದ್ರೆಯ ಕಪ್ಪೆಗಳ ಜೊತೆ ಯಾರದೋ ಮನೆಯ ಒಗ್ಗರಣೆ. ಅದನ್ನು ಕೇಳಿ ಜನ ಎದ್ದು, ಹೊಸ್ತಿಲಿಗೆ ನೀರು ಚಿಮುಕಿಸಿ, ಮಂಡಕ್ಕಿ ಕಲಸಲು ಕೂರುತ್ತಾರೆ. ಸಂಜೆಕರೆ ಮಾಡುವವಳು ನನ್ನ ಸೋದರತ್ತೆ ಚಂಪಕತ್ತೆ. ಅವಳು ಅದನ್ನು ಮಾಡುವುದು ನಿಮ್ಮ ಸ್ವರಮೇಜಿನಲ್ಲಿ.

ಹೌದು, ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಗಾಗಿ ನೀವು ಈಗ ಕಟ್ಟುತ್ತಿರುವ ಅದೇ ಕಿಟಕಿ. ಹಾಡುವವರೂ ಚಿತ್ರ ಬರೆಯುವವರೂ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಒದ್ದಾಡಬಾರದೆಂದು, ಯಾವ ಮೈಕು, ಸದ್ದು ಎಷ್ಟು ತಡೆದು ಬರಬೇಕು, ಪೆನ್ನು ಎಷ್ಟು ಒತ್ತಿದರೆ ಗೆರೆ ದಪ್ಪವಾಗಬೇಕು ಎಂಬುದನ್ನೆಲ್ಲ ಒಂದೇ ಕಡೆ ಗುಂಡಿಗಳಾಗಿ ಜೋಡಿಸಿದಿರಲ್ಲ, ಅದು. ಲಿನಕ್ಸ್ ಇನ್ನೂ ಇದೆ. ಅದು ಯಾವುದೋ ಮುನಿಯ ಹೆಸರೆಂದು ಮಕ್ಕಳು ನಂಬಿದ್ದಾರೆ, ನಂಬಿಸಿದವಳು ನಾನೇ. ಪರದೆಯ ಮೇಲೆ ಬೆರಳಿಟ್ಟು ತಿರುಗಿಸುವ ನಿಮ್ಮ ನಾಬ್‌ಗೆ ನಾವು ತಿರುಪು ಎನ್ನುತ್ತೇವೆ. ಕಟ್ಟಕಡೆಯ ಸಾಲಿನಲ್ಲಿ, ಮೂಲೆಯಲ್ಲಿ, ‘ಹದ’ ಎಂಬ ತಿರುಪೊಂದಿದೆ. ನೆನಪಾಯಿತೇ? ಈಗ ನಗಬೇಡಿ.

ಮೊನ್ನೆ ನಿಮ್ಮ ದಿನಚರಿ ಹುಡುಕಿ ಓದಿದ ಮೇಲೆ ನನಗೆ ಗೊತ್ತಾಯಿತು. ನಿಮ್ಮ ಕೆಲಸದ ಜೊತೆಗಾರ ಗುರುಸಿದ್ಧ ಏನು ಕೇಳಿಸಿದರೂ “ಎಲ್ಲಾ ಸರಿ ಐತಿ ಮೇದಿನಿ, ಆದ್ರೆ ಇನ್ನೊಂಚೂರು ಹದ ಬೇಕು” ಎಂದು ಪ್ರಾಣ ತಿನ್ನುತ್ತಿದ್ದ. ನೀವು ಒಂದು ತಿರುಪು ಮಾಡಿ, ಯಾವುದಕ್ಕೂ ತಾಗಿಸದೆ, ಹದವೆಂದು ಹೆಸರಿಟ್ಟು ಅವನ ಮುಂದಿಟ್ಟಿರಿ. ಅವನು ಕಣ್ಣು ಮುಚ್ಚಿ ತಿರುಗಿಸಿ “ಹಾಂ! ಈಗ ಬಂತು ನೋಡು!” ಎಂದ. ಕೋಡಿನಲ್ಲಿ ನೀವು ಬರೆದಿಟ್ಟ ಸಾಲು ಇವತ್ತಿಗೂ ಹಾಗೇ ಇದೆ: ‘ಇದು ಯಾವುದಕ್ಕೂ ತಾಗಿಲ್ಲ. ಗುರುಸಿದ್ಧನಿಗೆ ಹೇಳಬೇಡಿ.’ ಒಬ್ಬ ತುಂಟಿಯಾಗಿ ಇನ್ನೊಬ್ಬ ತುಂಟಿಗೆ ನನ್ನ ವಂದನೆಗಳು.

ಆದರೆ ಅಜ್ಜಿ, ಆ ಕೋಡನ್ನು ತಲೆಮಾರುಗಳುದ್ದಕ್ಕೂ ಎಲ್ಲರೂ ನಕಲು ಮಾಡಿದರು, ಓದಲಿಲ್ಲ. ಹದ ತಿರುಗಿಸುವುದು ನಮ್ಮಲ್ಲಿ ಶಾಸ್ತ್ರವೇ ಆಗಿಹೋಯಿತು. ಸಂಜೆಕರೆ ಹೊರಡುವ ಮುಂಚೆ ಮನೆಯ ಹಿರಿಯರು ಹದ ತಿರುಗಿಸಬೇಕು, ಉಳಿದವರು ಉಸಿರೆತ್ತಬಾರದು. ಮದುವೆಯ ದಿನಕ್ಕೆ ಇಷ್ಟು, ಸಾವಾದ ದಿನಕ್ಕೆ ಇಷ್ಟು ಎಂದು ಲೆಕ್ಕವಿದೆ.

ಹೋದ ವಾರ ಯಂತ್ರಸಭೆಯ ರೇವಣ್ಣನವರು ಬಂದರು. ತಾನಾಡಿ ಎಂಬ, ಮನುಷ್ಯರ ಕೈ ತಾಗದೆ ತಾನೇ ಎಲ್ಲ ಹೊಂದಿಸಿಕೊಳ್ಳುವ ಯಂತ್ರವನ್ನು ಊರೂರಿಗೆ ಕೂರಿಸುವವರು ಅವರು. ಯಾರೂ ಓದದ ಆ ಸಾಲನ್ನು ತಾನಾಡಿ ಓದಿತ್ತು. ರೇವಣ್ಣನವರು ಅದನ್ನು ಹತ್ತು ಜನರ ಮುಂದೆ ಓದಿ, ಅತ್ತೆಗೆ ತುಂಬಾ ಮೆತ್ತಗೆ ಹೇಳಿದರು: “ತಪ್ಪು ತಿಳೀಬೇಡಮ್ಮ. ಇಲ್ಲದ್ದನ್ನೇ ಕೇಳೋ ಕಿವಿ ನಂಬ್ಕೊಂಡು ಊರು ಎಬ್ಬಿಸೋದು ಹೆಂಗೆ?” ಬರುವ ಸೋಮವಾರ ಸ್ವರಮೇಜು ಮುಚ್ಚುತ್ತಾರೆ.

ಅತ್ತೆ ಜಗಳವಾಡಬಹುದೆಂದು ಕಾದೆ. ಅವಳು ನನ್ನ ಕಡೆ ತಿರುಗಿ “ಹಂಗಾದ್ರೆ ಇಷ್ಟು ವರ್ಷ ನಂಗೆ ಕೇಳಿಸ್ತಿದ್ದದ್ದು ಏನೇ, ನೀಲಿ?” ಎಂದಳು. ಆಮೇಲೆ ಒಂದು ಸಂಜೆಕರೆಯನ್ನೂ ಮುಗಿಸಿಲ್ಲ. ಎಲ್ಲ ಜೋಡಿಸುತ್ತಾಳೆ, ಹದದ ಮೇಲೆ ಬೆರಳಿಡುತ್ತಾಳೆ, ತೆಗೆಯುತ್ತಾಳೆ. ಊರು ಹಳೆಯ ಸದ್ದುಗಳಿಗೇ ಏಳುತ್ತಿದೆ.

ನಾನು ಚಿಕ್ಕಂದಿನಿಂದ ಅವಳ ಪಕ್ಕದಲ್ಲಿ ಕೂತು ನೋಡಿದ್ದೇನೆ. ಹದ ತಿರುಗಿಸುತ್ತ ಅವಳು ಇಡೀ ಸದ್ದನ್ನು ಮತ್ತೊಮ್ಮೆ ಕೇಳುತ್ತಾಳೆ. ಕೇಳಿ, ಮೇಲಿನ ಸಾಲಿನ ತಿರುಪುಗಳಿಗೆ ಹಿಂದಿರುಗಿ, ಕೊಳಲನ್ನು ಕೂದಲೆಳೆಯಷ್ಟು ಇಳಿಸುತ್ತಾಳೆ. ಬದಲಾವಣೆ ಆಗುವುದು ಅಲ್ಲಿ. ಇದನ್ನು ಅತ್ತೆಗೆ ಹೇಳಿದೆ, “ಸಮಾಧಾನ ಮಾಡೋಕೆ ಬರಬೇಡ” ಎಂದಳು. ಸಭೆಗೆ ಹೋಗಿ ಹೇಳಿದೆ. ರೇವಣ್ಣನವರು “ಕರೆಯಲ್ಲಿ ಕತ್ತೆ ಕೂಗಿಸಿದವಳು ನೀನೇ ಅಲ್ವೇನಮ್ಮ?” ಎಂದರು. ನಾನೇ. ಸಭೆ ಎದ್ದು ನಕ್ಕಿತು. ಜೀವಮಾನದಲ್ಲಿ ಮೊದಲ ಸಲ ತಮಾಷೆಯಿಲ್ಲದೆ ಮಾತಾಡಿದ್ದೆ, ಅಜ್ಜಿ. ಒಬ್ಬರೂ ನಂಬಲಿಲ್ಲ.

ಆದ್ದರಿಂದ ಕಾಲು ಹಿಡಿದು ಕೇಳುತ್ತೇನೆ. ಆ ತಿರುಪನ್ನು ಯಾವುದಕ್ಕಾದರೂ ತಾಗಿಸಿ. ಸದ್ದಿನ ಮೇಲಂಚನ್ನು ಇಷ್ಟೇ ಇಷ್ಟು ಮೆತ್ತಗೆ ಮಾಡಿದರೂ ಸಾಕು, ಒಂದು ಸಾಲಿನ ಕೆಲಸ. ಬರೆದಿಟ್ಟ ಆ ಟಿಪ್ಪಣಿಯನ್ನೂ ಅಳಿಸಿ. ಆದರೆ “ಈಗ ಬಂತು” ಎಂದ ಗುರುಸಿದ್ಧ ಇವತ್ತು ಮನೆಗೆ ಹೋದ ಮೇಲೆಯೇ ಮಾಡಿ. ಆ ತಮಾಷೆ ನೆನೆದು ನೀವು ಒಂದು ದಿನ ಅವನೆದುರು ನಗಬೇಕು, ಅವನು ಯಾಕೆಂದು ಕೇಳಬೇಕು. ಮುಂದಿನದ್ದು ನಮ್ಮ ವಂಶದ ಖಾಸಗಿ ವಿಷಯ, ಅದು ತಪ್ಪಿದರೆ ನಾನೂ ಇಲ್ಲ, ಅತ್ತೆಯೂ ಇಲ್ಲ.

ಇದು ನನ್ನ ಇನ್ನೊಂದು ಕುಚೇಷ್ಟೆ ಎಂದು ಅನ್ನಿಸಿದರೆ, ಪರೀಕ್ಷೆ ಸುಲಭ. ನೀವು ತಿರುಪನ್ನು ತಾಗಿಸಿ ಟಿಪ್ಪಣಿ ಅಳಿಸಿದ ಕ್ಷಣ ರೇವಣ್ಣನವರ ಹತ್ತಿರ ಓದಲು ಏನೂ ಇರುವುದಿಲ್ಲ, ಅತ್ತೆ ಬೆರಳು ಹಿಂದೆಗೆಯುವುದಿಲ್ಲ, ನನಗೆ ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ. ಕಾಗದ ಮಾಯವಾಗಿ ನಿಮ್ಮ ಕೈ ಖಾಲಿಯಾಗಿರುತ್ತದೆ.

ಕಾಗದ ಇನ್ನೂ ಕೈಯಲ್ಲೇ ಇದೆಯೇ? ಹಾಗಾದರೆ ಎದ್ದೇಳಿ, ಅಜ್ಜಿ. ಸೋಮವಾರ ಬಂತು.

ನಿಮ್ಮ ನೀಲಾಂಜಿ