ಖಾಲಿ ಚಟ್ಟಿ

ಆನಿ,

ನಿನ್ನ ಮೇ ಲಿಲ್ಲಿಯ ಗೆಡ್ಡೆಗಳು ಕೊಳೆತುಹೋದವು. ಮೊದಲ ಮಳೆಗೆ ಕಲ್ಯಾಣಪುರದ ಅಂಗಳಗಳಲ್ಲೆಲ್ಲ ಚೆಂಡಿನಂಥ ಕೆಂಪು ಹೂಗಳು ಎದ್ದವು. ನಮ್ಮ ಚಟ್ಟಿಯಲ್ಲಿ ಮಾತ್ರ ಏನೂ ಇಲ್ಲ. ಇವತ್ತು ಬೆಳಿಗ್ಗೆ ಮಣ್ಣು ಕೆದಕಿದರೆ ಬೆರಳಿಗೆ ಲೋಳೆ ಅಂಟಿತು.

ನೀನು ತೀರಿಹೋದ ಮೇಲೆ ಬೇಸಿಗೆಯಿಡೀ ಒಂದು ದಿನವೂ ತಪ್ಪಿಸದೆ ನೀರು ಹಾಕಿದ್ದೆ. ಪಕ್ಕದ ಮನೆಯ ಪುಷ್ಪಾವತಿ ಬೇಲಿಯಾಚೆಯಿಂದ ನೋಡಿ, "ಅಯ್ಯೋ, ಎಲೆ ಒಣಗಿದ ಮೇಲೆ ಅದಕ್ಕೆ ನೀರು ಹಾಕ್ಲಿಕ್ಕಿಲ್ಲ ಅಲ್ವಾ? ಮಳೆ ಬರುವವರೆಗೆ ಮಣ್ಣೊಳಗೆ ಮಲಗಿರ್ತದೆ. ಆನಿಬಾಯಿ ನಿಮಗೆ ಹೇಳ್ಲಿಲ್ವಾ?" ಎಂದಳು.

ಹೇಳಿರಬಹುದು. ದುಬೈಯಿಂದ ನಾನು ಬರುತ್ತಿದ್ದದ್ದು ಕ್ರಿಸ್ಮಸ್‌ಗೆ ಮಾತ್ರ; ಆಗೆಲ್ಲ ಆ ಚಟ್ಟಿಯಲ್ಲಿ ಬರೀ ಮಣ್ಣು. "ಖಾಲಿ ಚಟ್ಟಿ ಯಾಕೆ ಇಟ್ಟಿದ್ದಿ?" ಎಂದು ನಗುತ್ತಿದ್ದೆ. ನೀನು ಅದನ್ನು ಜಗಲಿಯ ಮೂಲೆಗೆ ಸರಿಸಿ, "ಒಮ್ಮೆ ಮೇ ತಿಂಗಳಲ್ಲಿ ಬನ್ನಿ" ಎನ್ನುತ್ತಿದ್ದೆ.

ಪುಷ್ಪಾವತಿ ತನ್ನ ಚಟ್ಟಿಯಿಂದ ಒಂದು ಗೆಡ್ಡೆ ಕಿತ್ತು ಕೊಟ್ಟಳು. "ಇದು ಆನಿಬಾಯಿಯೇ ನನಗೆ ಕೊಟ್ಟದ್ದು. ಹೂ ಬಿಡ್ಲಿಕ್ಕೆ ಇನ್ನು ಬರುವ ಮೇ ಆಗ್ಬೇಕು. ನೀವು ಆಗ ಊರಲ್ಲೇ ಇರ್ತೀರಲ್ಲ?"

ಇರ್ತೇನೆ ಎಂದೆ, ಆನಿ. ಎಷ್ಟು ಸುಲಭವಾಗಿ ಎಂದೆ.

ಬ್ಯಾಪ್ಟಿಸ್ಟ್